ಕೂಳೆ ಗದ್ದೆಯಲ್ಲಿ ಕಡಲೆ

ಜಾವಳಿಯ ಬಯಲಿನಲ್ಲಿ ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ನಾನು ಒಂದು ಚೀಲ ಕಡಲೆಯೊಂದಿಗೆ ಬಸ್ಸಿಳಿದೆ. ಚೀಲ ಇಳಿಸಿಕೊಟ್ಟ ಕಂಡಕ್ಟರ್ ಯಾರ ಮನೆಯ ಮದುವೆಗೆ ಎಂದು ಕೇಳಿದ. ಬಿತ್ತನೆಗೆ ಎಂದೆ. ಅವನು ನನ್ನನ್ನೊಮ್ಮೆ, ಗದ್ದೆಯನ್ನೊಮ್ಮೆ ನೋಡಿ ಸೀಟಿ ಊದಿದ. ಆ ಚಳಿಗಾಲದಲ್ಲಿ ನನ್ನ ಕೆಲಸದ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ಅದೇ ಅತ್ಯಂತ ಸಭ್ಯವಾದದ್ದು.

ನಾನು ಅಜ್ಜಂಪುರದ ಕಡೆಯವಳು. ನಮ್ಮ ಕಪ್ಪು ನೆಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿ ಬಂದರೆ ಆಮೇಲೆ ಅದರ ಯೋಗಕ್ಷೇಮವನ್ನು ಇಬ್ಬನಿಯೇ ನೋಡಿಕೊಳ್ಳುತ್ತದೆ. ಕಾಫಿ ಸೀಮೆಗೆ ನಾನು ಬಂದದ್ದು ಒಂದು ಯೋಜನೆಯ ಕ್ಷೇತ್ರ ಸಹಾಯಕಿಯಾಗಿ. ಭತ್ತ ಕೊಯ್ದ ಗದ್ದೆಯನ್ನು ಉಳಬಾರದು. ಕೂಳೆಯ, ಅಂದರೆ ಕೊಯ್ದುಳಿದ ಬುಡಗಳ, ಸಾಲುಗಳ ನಡುವೆಯೇ ಕಾಳು ಬಿತ್ತಬೇಕು. ಒಕ್ಕಿದ ಹುಲ್ಲಿನ ಒಂದು ಪಾಲನ್ನು ಅದೇ ಗದ್ದೆಗೆ ಹಾಸಬೇಕು. ನೆಲದಲ್ಲಿ ಉಳಿದಿರುವ ತೇವದಲ್ಲೇ ಬೆಳೆ ಮೇಲೇಳಬೇಕು. ಇದಿಷ್ಟು ಯೋಜನೆ. ಕಾಗದದ ಮೇಲೆ ನೋಡಿದರೆ ಕಾಫಿ ಸೀಮೆಗೇ ಹೇಳಿ ಮಾಡಿಸಿದಂತಿತ್ತು. ಗದ್ದೆಯ ಕೊಯ್ಲು ಮುಗಿಯುವುದೂ ತೋಟದ ಹಣ್ಣು ಕೊಯ್ಲು ಜೋರಾಗುವುದೂ ಒಟ್ಟಿಗೇ. ಆಗ ಉಳುವುದಕ್ಕೆ ಆಳಿಲ್ಲ, ಎತ್ತೂ ಇಲ್ಲ. ಉಳುವುದೇ ಬೇಡ ಎನ್ನುವ ಬೇಸಾಯ ಯಾರಿಗೆ ಬೇಡ ಎಂದುಕೊಂಡು ಮನೆಮನೆಗೆ ಹೋದೆ. ಎಲ್ಲರಿಗೂ ಬೇಡವಾಗಿತ್ತು. ಕಾಫಿ ಕುಡಿಸಿ ಕಳಿಸಿದರು.

ಒಪ್ಪಿದ್ದು ಒಂದೇ ಮನೆಯ ಹೆಂಗಸು. ನಡುವಯಸ್ಸು ದಾಟಿದವರು, ಗಂಡ ತೀರಿಕೊಂಡಿದ್ದರು. ತೋಟ, ಗದ್ದೆ ಎಲ್ಲ ಒಟ್ಟು ಕುಟುಂಬದ್ದು. ಯಜಮಾನಿಕೆ ಅವರ ಭಾವನದು, ಅಂದರೆ ಗಂಡನ ಅಣ್ಣನದು. ಆಕೆಯನ್ನು ನಾನು ಮೊದಲ ದಿನದಿಂದಲೇ ಅಕ್ಕ ಎಂದೆ. ಭಾವನನ್ನು ಊರಿನವರಂತೆ ಗೌಡರು ಎಂದೆ.

ಅಕ್ಕ ಒಪ್ಪಿದ್ದು ಕಡಲೆಯ ಮೇಲಿನ ಪ್ರೀತಿಯಿಂದ ಅಲ್ಲ. ಕಾಫಿಯ ಬೆಲೆ ನೆಲ ಕಚ್ಚಿದ್ದ ವರ್ಷಗಳು ಅವು. ಭತ್ತವಂತೂ ಮೊದಲಿನಿಂದಲೂ ಮೈಮುರಿಸುವ ಬೆಳೆಯೇ. ಬಯಲಿನ ಮೇಲ್ಭಾಗದ ಗದ್ದೆಗಳು ಒಂದೊಂದಾಗಿ ಶುಂಠಿ ಬೆಳೆಯುವವರಿಗೆ ಗೇಣಿಗೆ ಹೋಗಿದ್ದವು. ಅವರು ಗದ್ದೆಯನ್ನು ಆಳವಾಗಿ ಅಗೆಸಿ ಮೊಣಕಾಲೆತ್ತರ ಮಣ್ಣಿನ ಏರುಮಡಿ ಹಾಕುತ್ತಾರೆ, ಔಷಧಿ ಸುರಿಯುತ್ತಾರೆ, ಒಂದೆರಡು ಬೆಳೆ ತೆಗೆದು ಬೇರೆ ಊರಿಗೆ ಹೋಗುತ್ತಾರೆ. ಆಮೇಲೆ ಆ ಗದ್ದೆಯಲ್ಲಿ ಭತ್ತದ ಸಸಿ ನೆಡುವ ನಟ್ಟಿಗೆ ನೀರು ನಿಲ್ಲುವುದಿಲ್ಲ. ಈ ಮನೆಯ ಗದ್ದೆಯನ್ನೂ ಒಬ್ಬ ಕೇಳಿ ಹೋಗಿದ್ದ. ಗೌಡರು ಯುಗಾದಿಗೆ ಹೇಳುತ್ತೇನೆ ಎಂದಿದ್ದರು. ಅಕ್ಕ ಬೇಡ ಎಂದಾಗ ಗೌಡರು ಒಂದು ಷರತ್ತು ಹಾಕಿದ್ದರು. ಭತ್ತದ ಜೊತೆಗೆ ಮತ್ತೊಂದು ಬೆಳೆಯನ್ನು ಆ ಗದ್ದೆ ಯುಗಾದಿಯೊಳಗೆ ಕೊಟ್ಟು ತೋರಿಸಿದರೆ ಅದು ಗದ್ದೆಯಾಗಿಯೇ ಇರಲಿ, ಇಲ್ಲದಿದ್ದರೆ ಶುಂಠಿಗೆ ಹೋಗಲಿ.

ಅಕ್ಕ ಇದನ್ನೆಲ್ಲ ಗದ್ದೆಯ ಬದುವಿನ ಮೇಲೆ ನಿಂತು ಹೇಳಿದರು. ಕೊನೆಗೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೆಯೇ ನೆನಪಿದೆ.

“ತೋಟ ಅವ್ರದ್ದು, ಲೆಕ್ಕ ಅವ್ರದ್ದು. ಮದ್ವೆ ಆಗಿ ಬಂದ ವರ್ಷದಿಂದ ಇಲ್ಲಿ ನಟ್ಟಿ ಮಾಡ್ಸಿದ್ದು ನಾನು. ಈ ಗದ್ದೆ ಒಂದ್ರಲ್ಲಿ ನನ್ನ ಮಾತು ನಡೀತದೆ ಮೇಡಂ. ಇದೂ ಹೋದ್ರೆ ಆ ಮನೇಲಿ ನಾನು ಬರೀ ಅಡಿಗೆ ಮಾಡೋಳು.”

ಅಲ್ಲಿಯವರೆಗೆ ನನಗೆ ಅದು ಯೋಜನೆಯ ಒಂದು ತಾಕು. ಆ ಮಾತಿನ ಮೇಲೆ ನನಗೆ ಹೆದರಿಕೆ ಶುರುವಾಯಿತು. ಏಕೆಂದರೆ ಆ ಮಣ್ಣಿನಲ್ಲಿ ಕಡಲೆ ಬರುತ್ತದೆಂದು ನನಗೂ ಖಾತ್ರಿ ಇರಲಿಲ್ಲ.

ಮೊದಲ ಜಗಳ ಕೊಯ್ಲಿನ ದಿನವೇ ಆಯಿತು. ಅಲ್ಲಿಯವರು ಭತ್ತವನ್ನು ನೆಲಕ್ಕೆ ತಾಗುವಂತೆ ಬಗ್ಗಿ ಕೊಯ್ಯುತ್ತಾರೆ, ದನಗಳಿಗೆ ಉದ್ದನೆಯ ಹುಲ್ಲು ಬೇಕು. ನಾನು ಒಂದು ಗೇಣು ಕೂಳೆ ಬಿಟ್ಟು ಕೊಯ್ಯಿರಿ ಎಂದೆ. ನಿಂತ ಕೂಳೆ ಗಾಳಿ ತಡೆಯುತ್ತದೆ, ಹಾಸಿದ ಹುಲ್ಲು ಹಾರಿಹೋಗದಂತೆ ಹಿಡಿದುಕೊಳ್ಳುತ್ತದೆ. ಕೊಯ್ಯುವ ಹೆಂಗಸರು, ಸೊಂಟಕ್ಕೆ ಒಳ್ಳೆಯದಾಯಿತು ಎಂದು ನಕ್ಕು ಒಪ್ಪಿದರು. ಗೌಡರು ನಗಲಿಲ್ಲ. ಕೊಟ್ಟಿಗೆಯ ದನಗಳು ಮಳೆಗಾಲದಲ್ಲಿ ಮೇಡಂ ಮನೆಗೆ ಬರುತ್ತವೋ ಎಂದು ಕೇಳಿದರು. ಕೊನೆಗೆ ಅಕ್ಕನೇ ರಾಜಿ ಮಾಡಿಸಿದರು. ಬೇರೆ ಮಡಿಗಳ ಹುಲ್ಲೆಲ್ಲ ಕೊಟ್ಟಿಗೆಗೆ, ಕಡಲೆ ಹಾಕುವ ಈ ಅರ್ಧ ಎಕರೆಯ ಹುಲ್ಲಿನಲ್ಲಿ ಅರ್ಧ ಗದ್ದೆಗೆ.

ಮಣ್ಣು ಹುಳಿ ಮಣ್ಣು. ಅದಕ್ಕೆ ಸುಣ್ಣ ಬೇಕು ಎಂದಾಗ ಮಾತ್ರ ಗೌಡರು ಮರುಮಾತಾಡದೆ ಸ್ಟೋರಿನ ಬೀಗ ತೆಗೆಸಿದರು. ಕಾಫಿಗೂ ಸುಣ್ಣ ಹಾಕುವ ತೋಟದವರಿಗೆ ಆ ಭಾಷೆ ಬರುತ್ತದೆ. ಬಿತ್ತನೆಯ ಹಿಂದಿನ ರಾತ್ರಿ ಬೀಜವನ್ನು ನೆನೆಹಾಕಿ, ಬೆಳಗ್ಗೆ ಬಸಿದು, ಕುದಿಸಿ ಆರಿಸಿದ ಬೆಲ್ಲದ ನೀರನ್ನು ಸವರಿದೆವು. ಅದರ ಮೇಲೆ ಕಡಲೆಯ ಬೇರಿಗೆ ಗಂಟು ಕಟ್ಟಿಸುವ ಜೀವಾಣುವಿನ ಕಪ್ಪು ಪುಡಿ. ಈ ಗದ್ದೆ ಹುಟ್ಟಿದಾಗಿನಿಂದ ಕಡಲೆ ಕಂಡಿಲ್ಲ, ಆದ್ದರಿಂದ ಆ ಜೀವಾಣು ಮಣ್ಣಿನಲ್ಲಿ ಇರುವ ಹಾಗಿಲ್ಲ. ಎಲ್ಲದರ ಮೇಲೆ ತೆಳ್ಳಗೆ ಸುಣ್ಣದ ಹುಡಿ. ಗೋಣಿಯ ಮೇಲೆ ನೆರಳಿನಲ್ಲಿ ಹರಡಿದಾಗ ಜೀರಿಗೆ ಪೆಪ್ಪರಮೆಂಟಿನಂತೆ ಕಾಣುತ್ತಿತ್ತು.

ಅದಕ್ಕೂ ಮೊದಲು, ಬಿತ್ತುವುದು ಹೇಗೆ ಎನ್ನುವುದೇ ದೊಡ್ಡ ತಲೆನೋವಾಗಿತ್ತು. ನಮ್ಮೂರ ಕೂರಿಗೆಗೆ ಉತ್ತ ನೆಲ ಬೇಕು. ಟ್ರ್ಯಾಕ್ಟರು ಈ ಮೆಟ್ಟಿಲು ಗದ್ದೆಗೆ ಇಳಿಯುವುದಿಲ್ಲ. ಬಾಳೂರು ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಹಿರಿಯ ಮುಸ್ಲಿಂ ಮೆಕ್ಯಾನಿಕ್ ಒಬ್ಬರಿದ್ದರು. ಜೀಪು, ಪಂಪು, ಕಾಫಿ ಹಣ್ಣು ಸುಲಿಯುವ ಪಲ್ಪರು ಎಲ್ಲ ಅವರ ಕೈಯಲ್ಲೇ ರಿಪೇರಿ. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ನಾನು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದೆ. ಒಬ್ಬರು ಎಳೆಯಬೇಕು, ಒಬ್ಬರು ಒತ್ತಬೇಕು. ನೆಲದಲ್ಲಿ ಬೆರಳಗಲದ ಸೀಳು ಬೀಳಬೇಕು, ಹಿಂದಿನ ಕೊಳವೆಯಿಂದ ಬೀಜ ಬೀಳಬೇಕು. ಅವರು ಜೀಪಿನ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಮೊನಚು ಮಾಡಿ ಅಂಥದೊಂದನ್ನು ಬೆಸುಗೆ ಹಾಕಿಕೊಟ್ಟರು. ಗದ್ದೆಯಲ್ಲಿ ಅದು ನಾಲ್ಕು ಮಾರು ಹೋಗುವಷ್ಟರಲ್ಲಿ ಮುಂದೆ ಕೊಯ್ಲಿನಲ್ಲಿ ಉದುರಿದ ಹುಲ್ಲಿನ ಮೆದೆಯೇ ನಿಂತಿತು. ಬಿಡಿಸಿದೆವು, ಎಳೆದೆವು, ಮತ್ತೆ ಮೆದೆ. ಗೌಡರು ಬದುವಿನ ಮೇಲೆ ನಿಂತು, ಉಳದೆ ಬಿತ್ತುವುದೆಂದರೆ ತಲೆ ಬಾಚದೆ ಹೂ ಮುಡಿದ ಹಾಗೆ ಎಂದು ಆಳುಗಳಿಗೆ ಕೇಳುವಂತೆ ಹೇಳಿದರು.

ನೆಲದ ತೇವ ಕಾಯುವುದಿಲ್ಲ. ನಾನು ದಿನವೂ ಹಿಮ್ಮಡಿ ಊರಿ ನೋಡುತ್ತಿದ್ದೆ. ಹಿಮ್ಮಡಿಯ ಗುರುತು ಮೂಡಬೇಕು, ಆದರೆ ನೀರು ಜಿನುಗಬಾರದು. ಅದೇ ಹದ. ಆ ಹದ ಕೈತಪ್ಪುತ್ತಾ ಇತ್ತು. ಕಾಕ ತಾವೇ ಬಂದು ಕುಕ್ಕರಗಾಲಿನಲ್ಲಿ ಕೂತು ನೋಡಿ, ಇದು ಹುಲ್ಲನ್ನು ತಳ್ಳುತ್ತದೆಯೇ ಹೊರತು ಕತ್ತರಿಸುವುದಿಲ್ಲ ಎಂದರು. ಮರದ ಮಿಲ್ಲಿನವರು ಬಿಸಾಕಿದ್ದ ಗುಂಡು ಗರಗಸದ ಹಲ್ಲು ಉಜ್ಜಿ, ಅಂಚು ಮಸೆದು, ಸೀಳುವ ಮೊನೆಯ ಮುಂದೆ ಉರುಳುವ ಹಾಗೆ ಕೂರಿಸಿದರು. ಗರಗಸ ಹುಲ್ಲನ್ನು ಕುಯ್ಯುತ್ತಾ ಮುಂದೆ, ಮೊನೆ ಮಣ್ಣು ಸೀಳುತ್ತಾ ಹಿಂದೆ. ಅದು ಕೂಳೆಯ ಸಾಲಿನ ನಡುವೆ ಸರಸರ ಸಾಗಿದಾಗ ಬಿದಿರ ಕೊಳವೆಗೆ ಬೀಜ ಬಿಡುತ್ತಿದ್ದ ಅಕ್ಕ ನಡೆದು ಸಾಲದೆ ಓಡಬೇಕಾಯಿತು. ಸಂಜೆಯೊಳಗೆ ಬಿತ್ತನೆ ಮುಗಿಯಿತು. ಆಮೇಲೆ ಸಾಲುಗಳ ನಡುವೆ ಹುಲ್ಲು ಹರಡಿದೆವು.

ಮೊಳಕೆ ಬಂತು. ಹುಲ್ಲು ಸರಿಸಿ ಸರಿಸಿ ನೋಡಿ ನಾನೇ ಒಂದಷ್ಟು ಮೊಳಕೆ ಮುರಿದಿದ್ದೇನೆ, ಅದು ಬೇರೆ ಮಾತು. ಕೊಯ್ಲಾದ ಮೇಲೆ ಆ ಊರಿನಲ್ಲಿ ಎಲ್ಲರ ಬೇಲಿಯ ತಡಿಕೆ ತೆಗೆದು ದನಗಳನ್ನು ಇಡೀ ಬಯಲಿಗೆ ಬಿಟ್ಟುಬಿಡುವುದು ರೂಢಿ. ನನ್ನ ದನ, ನಿನ್ನ ಗದ್ದೆ ಎನ್ನುವ ಲೆಕ್ಕವೇ ಇಲ್ಲ. ನಮ್ಮ ಅರ್ಧ ಎಕರೆ ಒಂದೇ ಆ ಬಯಲಿನಲ್ಲಿ ಬಾಗಿಲು ಹಾಕಿಕೊಂಡ ಮನೆ. ಕಾಫಿ ಕಡ್ಡಿ, ಹಾಲುವಾಣದ ಮರದ ಗೂಟ ಕಟ್ಟಿ ಬೇಲಿ ಮಾಡಿದೆವು. ಊರಿನವರ ಬೈಗುಳ ತಿಂದದ್ದು ಅಕ್ಕ. ಅಕ್ಕ ಅದನ್ನು ನನ್ನ ಕಿವಿಗೆ ಹಾಕಲಿಲ್ಲ, ಬೇರೆಯವರಿಂದ ತಿಳಿಯಿತು.

ಗಿಡಗಳು ಒಂದು ಗೇಣಾದವು, ಕವಲೊಡೆದವು. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಒಡೆದು ನೋಡಿದೆ, ಒಳಗೆ ಕೆಂಪಗಿತ್ತು. ಕೆಂಪಗಿದ್ದರೆ ಜೀವಾಣು ಕೆಲಸ ಮಾಡುತ್ತಿದೆ ಎಂದರ್ಥ. ಅಕ್ಕನಿಗೆ ತೋರಿಸಿದೆ. ಮಾರನೆಯ ದಿನದಿಂದ ಗೌಡರೂ ತೋಟಕ್ಕೆ ಹೋಗುವ ದಾರಿ ಬದಲಿಸಿ ಗದ್ದೆಯ ಮೇಲಿಂದ ಹೋಗತೊಡಗಿದರು. ಬಗ್ಗಿ ಎಲೆ ಮುಟ್ಟಿ, ಅದರ ಹುಳಿಯನ್ನು ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿದ್ದರು. ನನಗೆ ಒಳಗೊಳಗೇ ಸಂತೋಷ. ಮೊದಲ ಮೊಗ್ಗು ಕಾಣುವ ಹೊತ್ತಿಗೆ ನಾನು ಚಿಕ್ಕಮಗಳೂರಿಗೆ ಒಂದು ತರಬೇತಿಗೆ ಹೋಗಬೇಕಾಯಿತು. ನೀರು ಬೇಕೇ ಎಂದು ಯಾರೂ ಕೇಳಿರಲಿಲ್ಲ. ಬೇಡ ಎಂದು ಹೇಳಬೇಕೆಂದು ನನಗೂ ತೋಚಿರಲಿಲ್ಲ. ನಮ್ಮೂರಲ್ಲಿ ಕಡಲೆಗೆ ನೀರು ಕೊಡಬೇಡಿ ಎಂದು ಹೇಳುವುದು, ಮೀನಿಗೆ ಕೊಡೆ ಕೊಡಬೇಡಿ ಎಂದ ಹಾಗೆ.

ವಾಪಸು ಬರುವಾಗ ಬಸ್ಸು ಬಯಲಿನ ತಿರುವಿಗೆ ಬಂದಿತು. ಕಿಟಕಿಯಿಂದ ನೋಡುತ್ತೇನೆ, ನಮ್ಮ ಗದ್ದೆಯ ಮೇಲೆ ಸ್ಪ್ರಿಂಕ್ಲರುಗಳು ಗಿರ್ರನೆ ತಿರುಗುತ್ತಿವೆ. ಹಳ್ಳದ ಪಕ್ಕದಲ್ಲಿ ಡೀಸೆಲ್ ಪಂಪು ಹೊಗೆ ಬಿಡುತ್ತಿದೆ. ಬಸ್ಸು ನಿಲ್ಲಿಸಿ ಎಂದು ಕೂಗಿ ಇಳಿದು ಓಡಿದೆ.

ಗೌಡರು ಬದುವಿನ ಮೇಲೆ ಕೊಡೆ ಊರಿ ಕೂತಿದ್ದರು. ಮುಖದಲ್ಲಿ ಹೆಣ್ಣು ಒಪ್ಪಿಸಿದ ತಂದೆಯ ತೃಪ್ತಿ. “ಹೂ ಬಂದಿತ್ತು ಮೇಡಂ, ನೀವು ಇರ್ಲಿಲ್ಲ,” ಎಂದರು. “ಹೂ ಬಂದ್ಮೇಲೆ ನೀರು ಕೊಡ್ದೆ ಇರಕ್ಕಾಗ್ತದಾ? ಬೆಳಗ್ಗಿಂದ ಹೊಡೀತಾ ಇದ್ದೀನಿ. ಒಂದೂವರೆ ಇಂಚು ಮಳೆ ಲೆಕ್ಕಕ್ಕೆ ಬಂತು.”

ಕಾಫಿಯವರನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಕಾಫಿಯ ಮೊಗ್ಗು ಗಿಡದ ಮೇಲೆ ಕಾದು ಕೂತಿರುತ್ತದೆ. ಬೇಸಗೆಯಲ್ಲಿ ಒಂದು ಹೂಮಳೆ ಬಿದ್ದರೆ ಮಾತ್ರ ಅರಳುತ್ತದೆ, ಆಮೇಲೆ ಮತ್ತೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಮಳೆ ಬರದಿದ್ದರೆ ಹಳ್ಳದ ನೀರನ್ನಾದರೂ ಎತ್ತಿ ಚಿಮ್ಮಿಸಬೇಕು. ವರ್ಷದ ಅನ್ನ ಆ ನೀರಿನ ಮೇಲೆ ನಿಂತಿರುತ್ತದೆ. ಹೂ ನೋಡಿ ನೀರು ಕೊಡದೆ ಸುಮ್ಮನಿರುವುದು ಆ ಮನುಷ್ಯನ ಕೈಲಾಗದ ಕೆಲಸ. ತೋಟಕ್ಕೆಂದು ಇಳಿಸಿದ್ದ ಪೈಪುಗಳನ್ನು, ತೋಟಕ್ಕಿಂತ ಮೊದಲು, ತಾವೇ ಹಾಸ್ಯ ಮಾಡಿದ್ದ ಈ ಬೆಳೆಗೆ ಜೋಡಿಸಿದ್ದರು. ಅದು ಪ್ರೀತಿಯೇ. ಆದರೆ ಕಡಲೆಗೆ ಹೂವಿನ ಹೊತ್ತಿನಲ್ಲಿ ಅಷ್ಟು ನೀರು ಬಿದ್ದರೆ ಅದು ಕಾಯಿಯ ಯೋಚನೆ ಬಿಟ್ಟು ಮತ್ತೆ ಸೊಪ್ಪು ಬೆಳೆಯಲು ಹೊರಡುತ್ತದೆ. ಅದೂ ವರ್ಷವರ್ಷ ಕೆಸರು ತುಳಿದು ಕೆಳಗೆ ಗಟ್ಟಿ ತಳ ಕಟ್ಟಿಕೊಂಡ ಗದ್ದೆ, ಬಿದ್ದ ನೀರಿಗೆ ಇಳಿಯಲು ದಾರಿಯಿಲ್ಲ. ಮೇಲೆ ನಾವೇ ಹೊದಿಸಿದ ಹುಲ್ಲು.

ಇದೆಲ್ಲವನ್ನೂ ನಿಧಾನವಾಗಿ ಹೇಳಬಹುದಿತ್ತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. “ನಿಲ್ಸ್ರಿ ಮೊದ್ಲು. ಕಾಫಿ ಅಂದ್ಕಂಡಿರೇನು ಇದನ್ನ?” ಎಂದು ಅಪ್ಪಟ ಅಜ್ಜಂಪುರದ ಮಾತಿನಲ್ಲಿ, ಆಳುಗಳೆಲ್ಲ ನೋಡುತ್ತಿರುವಾಗ ಕೂಗಿದೆ. ಗೌಡರು ಎದ್ದು, ಪಂಪಿನ ಹತ್ತಿರ ಹೋಗಿ ಆಫ್ ಮಾಡಿ, ಹಿಂದಿರುಗಿ ನೋಡದೆ ತೋಟದ ದಾರಿ ಹತ್ತಿದರು. ಸದ್ದು ನಿಂತ ಮೇಲೆ ಅಕ್ಕ ಬೇಲಿಯ ಹತ್ತಿರ ನಿಂತಿರುವುದು ಕಂಡಿತು. ಬೆಳೆಯೂ ಹೋಯಿತು, ಭಾವನವರ ಮನಸ್ಸೂ ಹೋಯಿತು ಎಂದಷ್ಟೇ ಹೇಳಿ ಮನೆಗೆ ಹೋದರು.

ಮುಂದಿನ ದಿನಗಳು ಹೇಗಿದ್ದವೆಂದರೆ, ಗದ್ದೆಗೆ ಹೋಗಲು ಕಾಲು ಬರುತ್ತಿರಲಿಲ್ಲ, ಹೋಗದೆ ಇರಲೂ ಆಗುತ್ತಿರಲಿಲ್ಲ. ನೇರಳೆ ಬಣ್ಣದ ಹೂಗಳು ಬಾಡಿ ಹುಲ್ಲಿನ ಮೇಲೆ ಉದುರಿದವು. ಗಿಡಗಳು ಮಾತ್ರ ಕಣ್ಣು ಕುಕ್ಕುವಷ್ಟು ಹಸಿರಾದವು. ದಾರಿಯಲ್ಲಿ ಹೋಗುವವರು ಈಗ ಬೆಳೆ ಚೆನ್ನಾಗಿ ಬಂತು ಎಂದು ಹೊಗಳುತ್ತಿದ್ದರು. ಭತ್ತದ ಕೂಳೆಯೂ ಚಿಗುರಿ ಎದ್ದಿತು. ಅಲ್ಲಲ್ಲಿ ಗಿಡಗಳು ಹಳದಿಯಾಗಿ ಒರಗಿದವು. ಹುಲ್ಲು ಸರಿಸಿ ನೋಡಿದರೆ ಬುಡದಲ್ಲಿ ಬಿಳಿಯ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆಯಂಥ ಕಾಳು. ಬುಡ ಕೊಳೆಯುವ ರೋಗ. ಅದಕ್ಕೆ ಬೇಕಾದದ್ದು ಒದ್ದೆ ಹುಲ್ಲು, ಬೆಚ್ಚಗಿನ ಮಣ್ಣು. ಎರಡನ್ನೂ ನಾವೇ ಒದಗಿಸಿದ್ದೆವು.

ಬೂತಿನಿಂದ ಮೇಲಧಿಕಾರಿಗೆ ಫೋನು ಮಾಡಿದೆ. ಇನ್ನೇನು ವೀಕ್ಷಣೆಗೆ ತಂಡ ಬರುವುದಿದೆ, ಹುಲ್ಲಿನ ಹೊದಿಕೆಯೇ ಈ ಪ್ರಯೋಗದ ಜೀವ, ಅದನ್ನು ಮುಟ್ಟಬೇಡಿ ಎಂದರು. ಅವರ ಮಾತು ತಪ್ಪೆಂದು ಹೇಳಲಾರೆ. ಹೊದಿಕೆ ತೆಗೆದರೆ ಅದು ಪ್ರಯೋಗವಾಗಿ ಉಳಿಯುವುದಿಲ್ಲ. ಆದರೆ ಬೂತಿನಿಂದ ಹೊರಬಂದು ನಿಂತಾಗ ನನಗೆ ತಂಡದ ಚಿಂತೆ ಬರಲಿಲ್ಲ. ಬರೀ ಅಡಿಗೆ ಮಾಡೋಳು ಎಂಬ ಅಕ್ಕನ ಮಾತು ಬಂತು. ಪ್ರಯೋಗ ಹಾಳಾದರೆ ಮುಂದಿನ ವರ್ಷ ಬೇರೆಲ್ಲಾದರೂ ಮಾಡಬಹುದು. ಈ ಗದ್ದೆಗೆ ಮುಂದಿನ ವರ್ಷ ಇಲ್ಲ.

ಮಾರನೆಯ ಬೆಳಗ್ಗೆ ಅಕ್ಕನಿಗೆ ಹುಲ್ಲು ತೆಗೆಯೋಣ ಎಂದೆ. ಹಾಸಿ ಎಂದವರೂ ನೀವೇ ಎಂದರು. ಹೌದು ಎಂದೆ. ಅವರು ಸೆರಗು ಸಿಕ್ಕಿಸಿಕೊಂಡರು. ನಾವಿಬ್ಬರು, ಜೊತೆಗೆ ಇಬ್ಬರು ಹೆಂಗಸರು, ಗಿಡಕ್ಕೆ ತಾಗದ ಹಾಗೆ ಕೈಯಿಂದಲೇ ಹುಲ್ಲನ್ನು ಬಾಚಿ ಬಾಚಿ ಬದುವಿನ ಮೇಲೆ ಹಾಕಿದೆವು. ಕೆಳಗಿನ ಬದುವನ್ನು ಕಡಿದು ಗದ್ದೆಯ ಉದ್ದಕ್ಕೂ ಬಸಿಗಾಲುವೆ ತೆಗೆದೆವು. ರೋಗ ಹಿಡಿದ ಗಿಡಗಳನ್ನು ಕಿತ್ತು ದೂರ ಸುಟ್ಟೆವು. ಚಿಗುರಿದ ಕೂಳೆಯನ್ನೂ ಕೊಯ್ದುಬಿಡೋಣ ಎಂದು ಅಕ್ಕ ಕುಡುಗೋಲು ತೆಗೆದಾಗ ತಡೆದೆ. ಬೇರೆ ಸಮಯದಲ್ಲಾಗಿದ್ದರೆ ನಾನೇ ಮೊದಲು ಕೊಯ್ಯುತ್ತಿದ್ದೆ, ಕೂಳೆಯ ಚಿಗುರು ಬೆಳೆಯ ನೀರು ಕುಡಿಯುತ್ತದೆ ಎಂದು. ಈಗ ನಮಗೆ ಬೇಕಾದದ್ದೇ ಅದು. ಕುಡಿಯಲಿ, ಎಷ್ಟು ಬೇಕಾದರೂ ಕುಡಿಯಲಿ. ಗದ್ದೆಯನ್ನು ಒಣಗಿಸಲು ಬೇರೆ ಯಂತ್ರ ನಮ್ಮ ಬಳಿ ಇರಲಿಲ್ಲ. ಹಿಮ್ಮಡಿಗೆ ನೀರು ಜಿನುಗುವುದು ನಿಂತ ಮೇಲೆ ಕೂಳೆಯನ್ನು ಕೊಯ್ದು ದನಕ್ಕೆ ಹಾಕಿದೆವು. ಗಿಡಗಳ ಕೊಬ್ಬಿದ ಕುಡಿಗಳನ್ನು ಚಿವುಟಿದೆವು.

ತಂಡ ಬಂದು ಬರಿ ನೆಲ ನೋಡಿ ಹೋಯಿತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಬೈಯಲಿಲ್ಲ, ಯಾರೂ ಏನೂ ಬರೆದುಕೊಳ್ಳಲೂ ಇಲ್ಲ.

ರೋಗ ನಿಂತಿತು. ಎರಡನೆಯ ಸಲ ಹೂವಿನ ಮೊಗ್ಗು ಕಾಣಿಸಿತು. ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಬಿಸಿಲು ಏರಿತು. ಆ ಮಣ್ಣಿನ ಗುಣವೇ ಹಾಗೆ, ಒದ್ದೆಯಿದ್ದರೆ ಕೆಸರು, ಒಣಗಿದರೆ ಹೆಂಚು. ಮುಚ್ಚಿಗೆಯಿಲ್ಲದ ನೆಲ ಬಿರಿಯತೊಡಗಿತು. ಬಿರುಕು ಬೇರನ್ನು ಹರಿಯುತ್ತದೆ, ಉಳಿದ ತೇವವನ್ನು ಹೊರಗೆ ಬಿಡುತ್ತದೆ. ಕಾಯಿ ತುಂಬುವ ತನಕವಾದರೂ ಆ ತೇವ ನಿಲ್ಲಬೇಕು. ಹುಲ್ಲನ್ನು ಮತ್ತೆ ಹಾಸುವ ಹೊತ್ತು ಬಂದಿತ್ತು. ಬದುವಿನ ಹತ್ತಿರ ಹೋಗಿ ನೋಡಿದರೆ ಹುಲ್ಲೇ ಇಲ್ಲ. ಬದುವಿನ ಹೊರಮಗ್ಗುಲಿಗೆ ರಾಶಿ ಹಾಕಿದ್ದೆವು. ಬಯಲಿಗೆ ಬಿಟ್ಟ ದನಗಳು ಬೇಲಿಯಾಚೆಯಿಂದ ಕತ್ತು ಚಾಚಿ ಚಾಚಿ ಊಟ ಮುಗಿಸಿದ್ದವು. ತಳದಲ್ಲಿ ಸಗಣಿ ಇತ್ತು.

ಆಗ ನನಗೆ ನಿಜಕ್ಕೂ ಅಳು ಬಂತು. ಮನೆಯ ಬಣವೆಯಿಂದ ಹುಲ್ಲು ಕೇಳೋಣ ಎಂದರೆ ಅದು ಗೌಡರದು. ಪಂಪು ನಿಲ್ಲಿಸಿದ ದಿನದಿಂದ ಅವರು ನನ್ನೊಂದಿಗೆ ಮಾತಾಡಿರಲಿಲ್ಲ, ಅಕ್ಕನ ಜೊತೆಯೂ ಊಟಕ್ಕೆ ಕರೆದರೆ ಹೂಂ ಎನ್ನುವಷ್ಟೇ. ನಾನು ಹೋಗಿ ಕೇಳುತ್ತೇನೆ ಎಂದೆ. ಅಕ್ಕ ಬೇಡವೆಂದರು. ಆ ದಿನ ಗದ್ದೆಯಲ್ಲಿ ಇಬ್ಬರೂ ಕೆಲಸವಿಲ್ಲದೆ ಕೂತಿದ್ದೆವು. ಬಿರುಕಿಗೆ ನನ್ನ ಕಿರುಬೆರಳು ಇಳಿಯುತ್ತಿತ್ತು.

ಮಾರನೆಯ ದಿನ ನಾನು ಬರುವಷ್ಟರಲ್ಲಿ ತೋಟದ ಮೇಸ್ತ್ರಿ ಆಳುಗಳನ್ನು ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದ. ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ದೊಡ್ಡ ಬುಟ್ಟಿ, ಬುಟ್ಟಿಯ ತುಂಬ ದರಗು, ಅಂದರೆ ತೋಟದ ಒಣಗಿದ ಎಲೆ. ಸಿಲ್ವರ್ ಓಕಿನದು, ಕಾಫಿಯದು, ಕಾಡುಮರಗಳದು. ಕಾಫಿ ತೋಟದಿಂದ ದರಗು ಹೊರಗೆ ಹೋಗುವುದಿಲ್ಲ. ಬೇಸಗೆಯಲ್ಲಿ ಕಾಫಿಯ ಬುಡ ಕಾಯುವುದು ಅದೇ. ಒಂದು ಬುಟ್ಟಿ ದರಗಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಆ ಕಡೆ ಕೇಳಿದ್ದೇನೆ. ನಿನ್ನೆ ಸಂಜೆ ಗೌಡರು ಗದ್ದೆಯ ಬಿರುಕು ನೋಡಿ ಬಂದರು, ಎಲ್ಲಿ ಹಾಕಬೇಕೆಂದು ಮೇಡಂ ಹತ್ತಿರ ಕೇಳಿ ಹಾಕಬೇಕು ಎಂದು ಹೇಳಿ ಕಳಿಸಿದ್ದಾರೆ ಎಂದ ಮೇಸ್ತ್ರಿ.

ನಾವು ಹರಡುತ್ತಿದ್ದಾಗ ಗೌಡರೂ ಬಂದರು. ಬೇಲಿಯಾಚೆ ನಿಂತು ನೋಡಿದರು. ಆಮೇಲೆ ಒಳಗೆ ಬಂದು, ಚಪ್ಪಲಿ ಬಿಟ್ಟು, ಬಗ್ಗಿ, ಒಬ್ಬ ಆಳು ಗಿಡಕ್ಕೆ ಒತ್ತಿ ಹಾಕಿದ್ದ ಎಲೆಯನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದರು. “ಬುಡಕ್ಕೆ ಮುಟ್ಟಿಸ್ಬಾರ್ದು ಮಾರಾಯ. ಒಂದು ಅಂಗೈ ಬಿಟ್ಟು ಹಾಕು. ಬುಡಕ್ಕೆ ಗಾಳಿ ಆಡ್ಬೇಕು,” ಎಂದು ಅವನಿಗೆ ಹೇಳಿದರು. ನಂತರ ನನ್ನ ಕಡೆ ನೋಡಿ, ಸರಿಯೇ ಎನ್ನುವಂತೆ ಹುಬ್ಬೇರಿಸಿದರು. ಸರಿಯಾಗಿಯೇ ಇತ್ತು. ಎಳೆಯ ಕಾಫಿ ಸಸಿಗೆ ಅವರು ಹಾಕುವುದೇ ಹಾಗೆ. ನಾನು ಆ ದಿನ ಕೂಗಾಡಬಾರದಿತ್ತು ಗೌಡರೆ ಎಂದೆ. ಅವರು ಇನ್ನೂ ಎಷ್ಟು ಬುಟ್ಟಿ ಬೇಕು ಎಂದು ಕೇಳಿದರು.

ಅಲ್ಲಿಂದ ಮುಂದೆ ಬೆಳೆ ನನ್ನ ಮಾತು ಕೇಳಿತು. ಕಾಯಿಕೊರಕ ಹುಳು ಬಂತು. ಗದ್ದೆಯ ತುಂಬ ಕಾಫಿ ಕಡ್ಡಿಯ ಕವಲುಗಳನ್ನು ನೆಟ್ಟೆವು, ಮೈನಾಗಳು ಬಂದು ಕೂತು ಹುಳುಗಳ ವಿಚಾರ ನೋಡಿಕೊಂಡವು. ಕಾಯಿಯೊಳಗೆ ಒಂದೊಂದು, ಕೆಲವದರಲ್ಲಿ ಎರಡೆರಡು ಕಾಳು. ಬೆರಳಲ್ಲಿ ಒತ್ತಿದರೆ ಟಪ್ಪೆನ್ನುವ ಸದ್ದು. ಆ ಸದ್ದಿಗಾಗಿ ನಾನು ಸುಮ್ಮಸುಮ್ಮನೆ ಕಾಯಿ ಒತ್ತುತ್ತಾ ಓಡಾಡಿದ್ದೇನೆ. ಯುಗಾದಿ ಹತ್ತಿರವಾದಾಗ ಎಲೆ ಹಣ್ಣಾಗಿ ಉದುರಿತು. ಬೆಳಗಿನ ಮಂಜು ಆರುವ ಮೊದಲು, ಕಾಯಿ ಸಿಡಿಯದ ಹಾಗೆ, ಗಿಡಗಳನ್ನು ಕೊಯ್ದೆವು. ಕೀಳಲು ಬಿಡಲಿಲ್ಲ. ಬೇರೂ ಅದರ ಗಂಟೂ ನೆಲದಲ್ಲೇ ಕೊಳೆತು ಭತ್ತಕ್ಕೆ ಆಗಬೇಕು.

ಒಕ್ಕುವುದಕ್ಕೆ, ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಅದರ ಮೇಲೆ ಗಿಡ ಹರಡಿ ಬಡಿಗೆಯಿಂದ ಬಡಿದರು. ಗೌಡರು ಕಾಫಿ ಬೀಜ ನೋಡುವಂತೆ ಕಡಲೆಯನ್ನು ಹಲ್ಲಲ್ಲಿ ಕಚ್ಚಿ ಕಚ್ಚಿ, ಇನ್ನೊಂದು ಬಿಸಿಲು ಬೇಕು ಎಂದು ತೀರ್ಪು ಕೊಡುತ್ತಿದ್ದರು. ತೂರಿದ ಹೊಟ್ಟಿನಲ್ಲಿ ಎಷ್ಟು ಗದ್ದೆಗೆ, ಎಷ್ಟು ಕೊಟ್ಟಿಗೆಗೆ ಎಂದು ಮತ್ತೊಂದು ಸಣ್ಣ ಜಗಳವೂ ಆಯಿತು. ಅಜ್ಜಂಪುರದ ಲೆಕ್ಕಕ್ಕೆ ಅದು ದೊಡ್ಡ ಬೆಳೆಯೇನಲ್ಲ, ಮೂರು ಚೀಲ. ಆದರೆ ಜಾವಳಿಯ ಗದ್ದೆಯಲ್ಲಿ ಭತ್ತದ ಮೇಲೆ ಬಂದ ಮೂರು ಚೀಲ.

ಕೊನೆಯ ರಾಶಿಯನ್ನು ಅಕ್ಕ ಕಣದಲ್ಲಿ ಕೂತು ಕೇರುತ್ತಿದ್ದಾಗ ಜೀಪು ಬಂದು ನಿಂತಿತು. ಶುಂಠಿಯವನು. ಹಬ್ಬಕ್ಕೆ ಮೊದಲೇ ಮಾತು ಮುಗಿಸಿಕೊಂಡು ಹೋಗಲು ಬಂದಿದ್ದ. ಗೌಡರು ಅವನನ್ನು ಕೂರಿಸಿ ಕಾಫಿ ತರಿಸಿದರು. ನಾನು ಚೀಲ ಹೊಲಿಯುವ ದಬ್ಬಣ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಅಕ್ಕನ ಮೊರ ನಿಂತಿತು. ಷರತ್ತನ್ನು ಗೆದ್ದಾಗಿತ್ತು ನಿಜ. ಆದರೆ ಷರತ್ತು ಹಾಕಿದ್ದವರು ಅವರು, ಮುರಿಯಲೂ ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅವನು ಗದ್ದೆಯ ವಿಷಯ ಎತ್ತಿದ. ಗೌಡರು ಲೋಟ ಕೆಳಗಿಟ್ಟರು. “ಅದನ್ನ ನನ್ನತ್ರ ಕೇಳ್ಬೇಡಿ. ಗದ್ದೆ ಯಜಮಾನ್ತಿ ಅಲ್ಲಿ ಕೂತಿದ್ದಾರೆ. ಅವ್ರನ್ನ ಕೇಳಿ,” ಎಂದು ಕಣದ ಕಡೆ ಕೈ ತೋರಿಸಿದರು.

ಆ ಮನುಷ್ಯ ಕಣದತ್ತ ತಿರುಗಿದ. ಅಕ್ಕ ಎದ್ದು ನಿಂತರು. ಸೀರೆಯ ಮೇಲಿನ ಹೊಟ್ಟು ಕೊಡವಿಕೊಂಡರು. ಭಾವನ ಎದುರಿಗೆ ಹೊರಗಿನವರೊಡನೆ ಆಕೆ ದನಿಯೆತ್ತಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಗದ್ದೆ ಕೊಡೋದಿಲ್ಲ. ಮಳೆ ಹಿಡಿದ್ರೆ ನಾನು ಭತ್ತದ ಅಗೆ ಹಾಕ್ಬೇಕು.”

ಅವನು ಗೌಡರ ಮುಖ ನೋಡಿದ. ಗೌಡರು ತೋಟದ ಕಡೆ ನೋಡುತ್ತಿದ್ದರು. ಜೀಪು ಹೋಯಿತು, ಗೌಡರೂ ಲೋಟ ಎತ್ತಿಕೊಂಡು ಒಳಗೆ ಹೋದರು. ಅಕ್ಕ ಮತ್ತೆ ಕೂತು ಮೊರ ಹಿಡಿದರು, ಆದರೆ ಹೊಟ್ಟಿನ ಜೊತೆ ಕಾಳೂ ಹಾರಿ ಹೊರಗೆ ಬೀಳತೊಡಗಿತು. ಸಾಕು ಮಾರಾಯ್ತಿ, ನೀನು ಕೇರು ಎಂದು ಮೊರವನ್ನು ನನ್ನ ಕಡೆ ತಳ್ಳಿದರು. ಮೇಡಂ ಎನ್ನಲಿಲ್ಲ. ಕಣದ ಮೇಲೆ ಎರಡೂ ಕಾಲು ಚಾಚಿ, ಸೆರಗಿನಿಂದ ಕಣ್ಣೊರೆಸಿಕೊಂಡು, ರಾಶಿಯಿಂದ ಒಂದು ಹಿಡಿ ಕಡಲೆ ತೆಗೆದು ಬಾಯಿಗೆ ಹಾಕಿಕೊಂಡು ಜಗಿಯತೊಡಗಿದರು. ಬಿತ್ತಿದ ದಿನದಿಂದ ಅವರು ಆ ಬೆಳೆಯ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿರಲಿಲ್ಲ.